ಕುರ್ಚಿ ತರಲು ಬೆಟ್ಟಕ್ಕೆ

ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತುವವರೆಲ್ಲ ಮಾದಪ್ಪನ ದರ್ಶನಕ್ಕೆ ಹೊರಟವರು. ನಾನು ಹೊರಟಿದ್ದು ಕುರ್ಚಿಗೆ. ಕೊಳ್ಳೇಗಾಲದಲ್ಲಿ ನಾವು ಕೆಲವರು ಸೇರಿ ನಡೆಸುವ ಮಕ್ಕಳ ಓದುಮನೆಗೆ ಪುಟ್ಟ ಕುರ್ಚಿಗಳು ಬೇಕಾಗಿದ್ದವು. ಪ್ಲಾಸ್ಟಿಕ್ ಬೇಡವೆಂಬುದು ಎಲ್ಲರ ಒಮ್ಮತ. ಬೆತ್ತ ಕೊಳ್ಳುವಷ್ಟು ಹಣವಿಲ್ಲವೆಂಬುದು ಖಜಾಂಚಿಯ ಏಕಮತ. ಕೊನೆಗೆ ಲಂಟಾನದ ಕುರ್ಚಿ ಎಂದು ತೀರ್ಮಾನವಾಯಿತು. ಬೆಟ್ಟದ ಆದಿವಾಸಿಗಳಾದ ಸೋಲಿಗರು ಮಾಡುತ್ತಾರೆಂದು ಕೇಳಿದ್ದೆ. ಹೇಳಿದ್ದ ಮಾಲು ಸಿದ್ಧವಾಗಿದೆಯೆಂದು ಫೋನು ಬಂದಿತ್ತು.

ಹನೂರು, ಕೌದಳ್ಳಿ ಕಳೆದು ತಾಳಬೆಟ್ಟದಿಂದ ಘಾಟಿ ಏರತೊಡಗಿದರೆ ರಸ್ತೆಯ ಎರಡೂ ಮಗ್ಗುಲಿಗೆ ಲಂಟಾನವೇ. ಗುಲಾಬಿ, ಹಳದಿ ಬಣ್ಣದ ಗೊಂಚಲು ಹೂ, ನೋಡಲು ಚೆಂದ. ಆ ಚೆಂದವೇ ಮುಳುವಾಯಿತು. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತಾಕ್ಕೆ ತಂದದ್ದು ಉದ್ಯಾನದ ಅಲಂಕಾರಕ್ಕೆ. ದನ ಕುರಿ ಮುಟ್ಟುವುದಿಲ್ಲ, ಎಲೆ ವಿಷ. ಹಕ್ಕಿಗಳು ಮಾತ್ರ ಕಪ್ಪು ಹಣ್ಣು ತಿಂದು ಹೋದಲ್ಲೆಲ್ಲ ಬೀಜ ಉದುರಿಸುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹುಲ್ಲು ಬೆಳೆಯಬೇಕಾದ ಜಾಗವನ್ನೆಲ್ಲ ಅದೇ ನುಂಗಿಕೊಂಡು ಕೂತಿದೆ.

ಇದು ಹೀಗೇಕೆ ಹಬ್ಬಿತು ಎಂಬುದಕ್ಕೆ ಸೋಲಿಗರಲ್ಲಿ ಬಹಳ ಹಿಂದಿನಿಂದಲೂ ಒಂದು ವಿವರಣೆಯಿದೆ. ಬೇಸಿಗೆ ಬಲಿಯುವ ಮೊದಲೇ ನೆಲದ ಒಣಗಿದ ಎಲೆಗೆ ಅವರು ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಮೊಣಕಾಲೆತ್ತರದ ಆ ಬೆಂಕಿಯಲ್ಲಿ ಎಳೆಯ ಲಂಟಾನ ಸುಟ್ಟುಹೋಗುತ್ತಿತ್ತು, ದೊಡ್ಡ ಮರಗಳಿಗೆ ಏನೂ ಆಗುತ್ತಿರಲಿಲ್ಲ. ಕಾಡಿಗೆ ಬೆಂಕಿ ಹಾಕುವುದು ಅಪರಾಧವಾದ ಮೇಲೆ ಗಿಡಕ್ಕೆ ಹೇಳುವವರು ಕೇಳುವವರು ಇಲ್ಲವಾದರು. ವಿಜ್ಞಾನಿಗಳೂ ಈ ಮಾತನ್ನು ಕಿವಿಗೊಟ್ಟು ಕೇಳಿ ಪ್ರಬಂಧ ಬರೆದಿದ್ದಾರೆ, ತಡವಾಗಿಯಾದರೂ.

ಕೆಲಸದ ಕೊಟ್ಟಿಗೆ ತಲುಪಿದಾಗ ಅಂಗಳದಲ್ಲಿ ಉದ್ದನೆಯ ಕಬ್ಬಿಣದ ತೊಟ್ಟಿಯಲ್ಲಿ ನೀರು ಕುದಿಯುತ್ತಿತ್ತು. ಅದರೊಳಗೆ ಲಂಟಾನದ ಕಟ್ಟುಗಳು. ಕೆಳಗೆ ಉರಿಯುತ್ತಿದ್ದದ್ದೂ ಲಂಟಾನದ ತುಂಡುಗಳೇ. ಹಲವು ಗಂಟೆ ಬೆಂದ ಮೇಲೆ ಕಡ್ಡಿ ಮೆತ್ತಗಾಗುತ್ತದೆ, ಸಿಪ್ಪೆ ಬಿಡುತ್ತದೆ. ಒಬ್ಬ ಅಕ್ಕ ಹಬೆಯಾಡುವ ಕಡ್ಡಿಯೊಂದನ್ನು ಎಳೆದುಕೊಂಡು ಪಾದದಡಿ ಒತ್ತಿ ಹಿಡಿದರು; ಚಾಕುವಿನ ಬೆನ್ನಿನಿಂದ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಕಂದು ಸಿಪ್ಪೆ ಸುರುಳಿಯಾಗಿ ಉದುರಿತು, ಒಳಗಿನ ಮಾಸಲು ಬಿಳಿ ಕಾಣಿಸಿತು. ಗಂಟಿರುವ ಕಡೆ ಚಾಕು ತಡೆಯುತ್ತದೆ. ಅಲ್ಲಿ ಮಾತ್ರ ಅಲಗನ್ನು ತಿರುಗಿಸಿ ಸವರುತ್ತಾರೆ. ಬಿಸಿ ಆರುವುದರೊಳಗೆ ಬಗ್ಗಿಸಬೇಕು. ಆರಿದರೆ ಬಗ್ಗುವುದಿಲ್ಲ, ಸಿಗಿಯುತ್ತದೆ. ಹೆಬ್ಬೆರಳಿನಷ್ಟು ದಪ್ಪದವು ಚೌಕಟ್ಟಿಗೆ, ಪೆನ್ಸಿಲಿನಷ್ಟು ತೆಳ್ಳನೆಯವು ಹೆಣಿಗೆಗೆ. ಮಾತಾಡುತ್ತಲೇ ಇದ್ದ ಆ ಅಕ್ಕನ ಕಣ್ಣು ಕಡ್ಡಿಯ ಮೇಲಿರಲೇ ಇಲ್ಲ. ದಪ್ಪ ತೆಳುವನ್ನು ಬೆರಳೇ ಆರಿಸುತ್ತಿತ್ತು.

“ತರಬೇತಿ ಎಷ್ಟು ದಿನ ಕೊಟ್ಟರು ಅಕ್ಕಾ?” ಎಂದೆ. ಮೇಷ್ಟರ ಬುದ್ಧಿ.

“ಹೆಣೆಯುವುದನ್ನು ಯಾರು ಕಲಿಸಬೇಕು ಮೇಷ್ಟ್ರೇ? ನಮ್ಮ ಅವ್ವ ಬಿದಿರಿನ ಬುಟ್ಟಿ, ಮೊರ, ಕುಕ್ಕೆ ಎಲ್ಲ ಹೆಣೆಯುತ್ತಿದ್ದಳು. ಕಲಿಯಬೇಕಾದದ್ದು ಸೋಫಾ. ನಮ್ಮ ಮನೆಯಲ್ಲಿ ಸೋಫಾ ಎಲ್ಲಿತ್ತು? ಬೆನ್ನು ಎಷ್ಟು ಹಿಂದಕ್ಕೆ ವಾಲಿದರೆ ಪೇಟೆಯವರಿಗೆ ಸುಖ ಅಂತ ನಮಗೆ ಹೇಗೆ ಗೊತ್ತಾಗಬೇಕು?”

ಟೇಪು ಹಿಡಿದು ಅಳೆಯುವುದು, ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ಕೂರುವಂತೆ ನೋಡುವುದು, ಇಪ್ಪತ್ತು ಕುರ್ಚಿ ಹೇಳಿದರೆ ಇಪ್ಪತ್ತೂ ಒಂದೇ ಎತ್ತರ ಇರುವುದು: ತರಬೇತಿ ಬೇಕಾದದ್ದು ಇಷ್ಟಕ್ಕೆ. ಉಳಿದದ್ದು ಅವರ ಕೈಯಲ್ಲಿ ಮೊದಲೇ ಇತ್ತು.

ತರಬೇತಿ ಎಂದರೆ ನನಗೆ ತುಸು ಸಿಟ್ಟು. ಆದಿವಾಸಿಗಳ ಎಷ್ಟೋ ಹಾಡಿ, ಪೋಡುಗಳ ಮನೆಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಪ್ರಮಾಣಪತ್ರಗಳನ್ನು ನೋಡಿದ್ದೇನೆ. ಹೊಲಿಗೆ, ಊದುಬತ್ತಿ, ಮೇಣದಬತ್ತಿ, ಅಣಬೆ. ಮೂರು ದಿನ ಕಲಿಸಿ, ಫೋಟೋ ತೆಗೆಸಿಕೊಂಡು, ಊಟ ಹಾಕಿ ಹೋದವರು ಮತ್ತೆ ಆ ಕಡೆ ತಲೆ ಹಾಕಿರುವುದಿಲ್ಲ. ಹೊಲಿಗೆ ಯಂತ್ರದ ಮೇಲೆ ರಾಗಿ ಚೀಲ ಇರುತ್ತದೆ. ಬತ್ತಿ ಮಾಡಿದವಳು ಅದನ್ನು ಯಾರಿಗೆ ಮಾರಬೇಕು ಎಂಬುದು ಯೋಜನೆಯ ಯಾವ ಪುಟದಲ್ಲೂ ಇರುವುದಿಲ್ಲ.

ಈ ಬೆಟ್ಟದಲ್ಲಿ ಬೇರೆಯಾದದ್ದು ಏನೆಂದರೆ, ಕಲಿಸಿದವರು ಹೋಗಲಿಲ್ಲ. ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಏಟ್ರೀ ಸಂಸ್ಥೆ ಇಲ್ಲಿ ಲಂಟಾನದ ಕೆಲಸ ಶುರುಮಾಡಿ ಎರಡು ದಶಕವೇ ಆಯಿತು. ಪೇಟೆಯ ಗಿರಾಕಿಗಳನ್ನು ಹುಡುಕುವುದು, ಹೊಸ ವಿನ್ಯಾಸ ತರುವುದು, ಮೇಳಗಳಿಗೆ ಮಾಲು ಸಾಗಿಸುವುದು, ಲೆಕ್ಕ ಬರೆಯುವುದನ್ನು ಹೇಳಿಕೊಡುವುದು; ಯಾರ ಫೋಟೋಕ್ಕೂ ಬಾರದ ಕೆಲಸಗಳು. ಹೊರಗಿನವರು ಪಾಲುದಾರರಾಗಿ ಬಂದರೆ ಹೊರಬೇಕಾದದ್ದು ಈ ಅರ್ಧವನ್ನೇ ಎಂದು ನನಗೆ ಅನ್ನಿಸುತ್ತದೆ. ಕಸುಬಿನ ಅರ್ಧಕ್ಕೆ ಅವರ ಅಗತ್ಯ ಅಷ್ಟೇನೂ ಇರುವುದಿಲ್ಲ.

ಲೆಕ್ಕ ನೋಡಿಕೊಳ್ಳುತ್ತಿದ್ದವನು ಪಿಯುಸಿ ಓದಿದ ಹುಡುಗ. ನನ್ನ ಕುರ್ಚಿಗಳ ಪುಟ ತೆರೆದು ತೋರಿಸಿದ. ಕಡ್ಡಿ ತಂದವರ ಕೂಲಿ, ಬೇಯಿಸಿದ್ದು, ಹೆಣೆದದ್ದು, ಮೊಳೆ, ವಾರ್ನಿಷ್, ನಾನು ಕೊಟ್ಟ ಮುಂಗಡ. ವಾರ್ನಿಷ್‌ನ ಬೆಲೆ ನೋಡಿ ನನಗೇ ಗಾಬರಿಯಾಯಿತು. ಕಾಡಿನಿಂದ ಪುಕ್ಕಟೆ ಬರುವ ಕಡ್ಡಿಗೆ ಹೊಳಪು ಕೊಡುವ ಡಬ್ಬಿಯೇ ದುಬಾರಿ. ಅದರ ಹಿಂದಿನ ಪುಟದಲ್ಲಿ ಒಂದು ರೆಸಾರ್ಟಿನವರ ಬಾಕಿ ಕೆಂಪು ಶಾಯಿಯಲ್ಲಿತ್ತು. ಮಾಲು ತೆಗೆದುಕೊಂಡು ತಿಂಗಳುಗಟ್ಟಲೆಯಾದರೂ ಹಣ ಬಂದಿಲ್ಲ. “ಅಂಥ ಹೊತ್ತಿನಲ್ಲೇ ಜನ ಕೊಡಗಿನ ತೋಟಕ್ಕೋ ತಮಿಳುನಾಡಿನ ಕ್ವಾರಿಗೋ ಹೊರಟುಬಿಡುತ್ತಾರೆ ಸಾರ್. ವಾರದ ಬಟವಾಡೆ ತಪ್ಪಿದರೆ ಇಲ್ಲಿ ಯಾರು ಇರುತ್ತಾರೆ?” ಎಂದ. ಉಳಿದ ಹಣವನ್ನು ನಾನು ಅಲ್ಲಿಯೇ ಎಣಿಸಿಕೊಟ್ಟೆ.

ಹುಡುಗನಿಗೆ ಆನೆಗಳ ವಿಷಯ ಹೇಳುವ ಆಸೆ. ನೀಲಗಿರಿಯ ಗೂಡಲೂರಿನ ಆದಿವಾಸಿಗಳು ಲಂಟಾನದಲ್ಲಿ ನಿಜಗಾತ್ರದ ಆನೆಗಳನ್ನು ಮಾಡಿದ್ದು, ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತದ್ದು, 2024ರಲ್ಲಿ ನೂರು ಆನೆಗಳ ಹಿಂಡು ಅಮೆರಿಕಕ್ಕೆ ಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಈ ಬೆಟ್ಟದ ಸೋಲಿಗರು ಕೂಡ ಆನೆ ಮಾಡಿದರು. 2024ರ ಆರಂಭದಲ್ಲಿ ಅವು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿದ್ದವು. ಮೊಬೈಲಿನಲ್ಲಿ ಫೋಟೋ ತೋರಿಸಿದ: ಕಬ್ಬಿಣದ ಅಸ್ಥಿಪಂಜರದ ಮೇಲೆ ಕಡ್ಡಿ ಹೊದಿಸಿದ ಮರಿಯಾನೆ, ಸುತ್ತ ಸೆಲ್ಫಿಗೆ ಮುಗಿಬಿದ್ದ ನಗರ. “ಇದರ ಕಿವಿ ಹೀಗೇ ಇರಬೇಕು ಅಂತ ನಮಗೆ ಯಾರೂ ಹೇಳಬೇಕಾಗಲಿಲ್ಲ” ಎಂದ.

ತೊಟ್ಟಿಯ ಬಳಿ ಬೆಂಕಿ ಕೆದಕುತ್ತಿದ್ದ ತಾತ ತಲೆಯೆತ್ತದೆ ಹೇಳಿದರು: “ಜೋಳ ತಿನ್ನುವುದಕ್ಕೆ ಬರುವ ಆನೆಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಇದಾದರೆ ಅಕ್ಕಿಗಾದರೂ ಆಗುತ್ತದೆ.” ಎಲ್ಲರೂ ನಕ್ಕರು.

ಇಷ್ಟಾಗಿ, ಕುರ್ಚಿ ಹೆಣೆದರೆ ಕಾಡಿನ ಲಂಟಾನ ಮುಗಿದುಹೋಗುತ್ತದೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಕಂಡದ್ದರ ಮುಂದೆ ಈ ಕೊಟ್ಟಿಗೆಯ ಕಟ್ಟುಗಳು ಲೆಕ್ಕಕ್ಕೇ ಇಲ್ಲ. ಮೇಲಾಗಿ ಕೆಲಸಕ್ಕೆ ಬೇಕಾದ ಕಡ್ಡಿಯನ್ನಷ್ಟೇ ಕಡಿಯುತ್ತಾರೆ, ಬುಡ ಅಲ್ಲೇ ಚಿಗುರುತ್ತದೆ. ಇದು ಜನರ ಹೊಟ್ಟೆಪಾಡಿನ ದಾರಿ. ಕಾಡನ್ನು ಶುದ್ಧ ಮಾಡುವ ಹೊರೆಯನ್ನೂ ಅವರ ತಲೆಗೇ ಕಟ್ಟುವುದು ಅನ್ಯಾಯ.

ಹೊರಡುವ ಮೊದಲು ಚಹಾ ಬಂತು. ಕುರ್ಚಿಯೊಂದನ್ನು ಹತ್ತಿರ ಎಳೆದುಕೊಂಡ ತಾತ ಅದರ ಹೆಣಿಗೆಯನ್ನು ಉಗುರಿನಿಂದ ತಟ್ಟಿ, “ಬಿದಿರಿನ ಕೆಲಸ ಬೇರೆ ಮೇಷ್ಟ್ರೇ. ಬಿದಿರು ಹೇಳಿದ ಹಾಗೆ ಕೇಳುತ್ತದೆ, ಇದು ಜಗಳಗಂಟ. ಕಾಡಿನ ಬಿದಿರು ಕಡಿಯಲು ಬಿಟ್ಟಿದ್ದರೆ ನಾವು ಇದಕ್ಕೆ ಕೈ ಹಾಕುತ್ತಿದ್ದೆವೇ?” ಎಂದರು.

ಯಾರೂ ಉತ್ತರಿಸಲಿಲ್ಲವಾದ್ದರಿಂದ ಹುಡುಗನೇ ಬಾಯಿ ತೆರೆದ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಿದಿರು ಕೂಡ, ಜೇನು ನೆಲ್ಲಿಕಾಯಿಗಳ ಹಾಗೆ, ಹಕ್ಕು ಸಿಕ್ಕವರು ಸಂಗ್ರಹಿಸಬಹುದಾದ ಕಿರು ಅರಣ್ಯ ಉತ್ಪನ್ನವೇ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಅವರು ಮೊದಲಿಗರು. ಮಲೆ ಮಹದೇಶ್ವರದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು, ಆದರೂ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತದೆ. ಅವನ ಪೋಡಿನವರು ಗ್ರಾಮಸಭೆ ಕೂಡಿಸಿ, ನಕ್ಷೆ ಬರೆದು, ಅರ್ಜಿ ಕೊಟ್ಟಿದ್ದಾರೆ. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿದೆ, ಬಂದಿದೆ, ಸಹಿಯೊಂದು ಕಡಿಮೆಯಿದೆಯೆಂದು ಮತ್ತೆ ಹೋಗಿದೆ.

“ನಕಲು ಇದೆಯೇ ನಿನ್ನ ಹತ್ತಿರ?” ಎಂದು ಕೇಳಿದೆ.

ಲೆಕ್ಕದ ಪುಸ್ತಕದ ಕೆಳಗಿನಿಂದ ಹಸಿರು ಕಡತ ತೆಗೆದ. ಸ್ವೀಕೃತಿಯ ಮುದ್ರೆಯಿದ್ದ ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ಓದಿ ನೋಡಿ ಸಾರ್, ಇದರಲ್ಲಿ ಇನ್ನೇನು ಕಡಿಮೆಯಿದೆ ಹೇಳಿ ಎಂದ. ನನ್ನ ಕನ್ನಡಕ ತೆಗೆದುಕೊಂಡು ಕೂತೆ. ಎರಡು ಗಂಟೆಯ ಬಸ್ಸನ್ನು ಬಿಟ್ಟು ನಾಲ್ಕರದಕ್ಕೆ ಹೋಗುವುದೆಂದು ಅಲ್ಲೇ ನಿರ್ಧಾರವಾಯಿತು.