ಪರಂತುಕ ಓದದೆ ಬರೆದ ಹಿಂಬರಹ

ನಮ್ಮ ಶಾಖೆಯಲ್ಲಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗಳಿಗೆ ಒಂದು ರೆಡಿಮೇಡ್ ಹಿಂಬರಹ, ಅಂದರೆ ಲಿಖಿತ ಉತ್ತರ, ಇತ್ತು. ಹೆಸರು, ದಿನಾಂಕ ಬದಲಿಸಿದರೆ ಮುಗೀತು. "ಸಚಿವ ಸಂಪುಟದ ಕಾಗದಪತ್ರವಾದ್ದರಿಂದ ಕಲಂ 8(1)(ಐ) ಅಡಿ ಒದಗಿಸಲು ಅವಕಾಶವಿರುವುದಿಲ್ಲ." ನಾನು ಪಿಐಒ, ಅಂದರೆ ಅರ್ಜಿದಾರರಿಗೆ ಮಾಹಿತಿ ಕೊಡಬೇಕಾದ ಅಧಿಕಾರಿ, ಆದಮೇಲೆ ಅದಕ್ಕೆ ಸಂವಿಧಾನದ 163(3)ನೇ ವಿಧಿಯನ್ನೂ ಸೇರಿಸಿದೆ. ಮಂತ್ರಿಗಳು ರಾಜ್ಯಪಾಲರಿಗೆ ಏನು ಸಲಹೆ ಕೊಟ್ಟರು ಅಂತ ಕೋರ್ಟೂ ವಿಚಾರಿಸುವಂತಿಲ್ಲ ಅನ್ನುವ ವಿಧಿ. ತೂಕ ಬಂತು ಅಂದುಕೊಂಡೆ.

ಅರ್ಜಿ ಹಾಕಿದವರು ಒಬ್ಬ ನಿವೃತ್ತ ಮೇಷ್ಟ್ರು. ಕೇಳಿದ್ದು ಒಂದು ಜಮೀನು ಮಂಜೂರಾತಿ ಕಡತ, ಟಿಪ್ಪಣಿ ಹಾಳೆ ಸಮೇತ. ಮೊದಲ ಮೇಲ್ಮನವಿಯಲ್ಲಿ ನಮ್ಮ ಸಾಹೇಬರು ನನ್ನ ಹಿಂಬರಹವನ್ನೇ ಎತ್ತಿಹಿಡಿದರು. ಓದಿದ್ರೋ ಇಲ್ವೋ ದೇವರಿಗೇ ಗೊತ್ತು.

ಮೇಷ್ಟ್ರು ಮಾಹಿತಿ ಆಯೋಗಕ್ಕೆ ಹೋದರು. ಅಲ್ಲಿ ಆಯುಕ್ತರು ಕಡತ ಮುಟ್ಟಲೂ ಇಲ್ಲ.

"ಸರ್ಕಾರಿ ಆದೇಶ ಆಗಿದೆಯೇನ್ರೀ?"

"ಎರಡು ವರ್ಷ ಆಯ್ತು ಸಾರ್."

"ಜಮೀನು ಹಸ್ತಾಂತರ?"

"ಅದೂ ಆಗಿದೆ ಸಾರ್."

"ಹಾಗಾದ್ರೆ ಪರಂತುಕ ಓದಿ."

ಪರಂತುಕ ಅಂದರೆ ಕಲಮಿಗೆ ಅಂಟಿಕೊಂಡಿರುವ "ಆದರೆ" ಎಂಬ ಷರತ್ತು. ನನ್ನ ಹತ್ತಿರ ಕಾಯ್ದೆಯ ಪುಸ್ತಕವೇ ಇರಲಿಲ್ಲ. ಮೇಷ್ಟ್ರು ತಮ್ಮದನ್ನು ಚಾಚಿದರು. ಆ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿದ್ದರು. ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಆ ತೀರ್ಮಾನ, ಅದರ ಕಾರಣ, ಆಧಾರವಾದ ಸಾಮಗ್ರಿ ಎಲ್ಲವನ್ನೂ ಬಹಿರಂಗಪಡಿಸಬೇಕು ಅಂತಿತ್ತು. ನಾನೇ ಓದಿದೆ, ಜೋರಾಗಿ. ಅರ್ಧಕ್ಕೆ ಗಂಟಲು ಒಣಗಿತು. ಅಲ್ಲಿಗೆ ಸುಮ್ನೆ ಇರಬಾರದಿತ್ತೇ? 163(3) ಎತ್ತಿದೆ. ಕೇಂದ್ರದ ಇಂಥದ್ದೇ ವಿಧಿ 74(2)ರ ಬಗ್ಗೆ 1981ರಲ್ಲೇ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ ಅಂದರು ಆಯುಕ್ತರು. ಸಲಹೆಗೆ ರಕ್ಷಣೆ ಇದೆ, ಅದಕ್ಕೆ ಆಧಾರವಾದ ಕಾಗದಕ್ಕಿಲ್ಲ.

ಕೈಗೆ ನೋಟಿಸ್ ಬಂತು. ದಂಡ ದಿನಕ್ಕೆ 250 ರೂಪಾಯಿ, ಜಾಸ್ತಿ ಅಂದ್ರೆ 25,000. ಅದು ನನ್ನ ಸಂಬಳದಿಂದ. ಸಾಹೇಬರಿಗೆ ಏನೂ ಇಲ್ಲ, ಕಾಯ್ದೆ ಇರೋದೇ ಹಾಗೆ.

ಜೆರಾಕ್ಸ್ ಮಾಡಿಸುವಾಗಲೇ ಕಡತವನ್ನು ಮೊದಲ ಸಲ ಪೂರ್ತಿ ಓದಿದ್ದು. "ಚರ್ಚಿಸಿ." "ಚರ್ಚಿಸಲಾಗಿದೆ." "ಮಂಡಿಸಿ." ನಡುವೆ ಆರ್ಥಿಕ ಇಲಾಖೆಯ ಖಡಕ್ ಆಕ್ಷೇಪ, ಒಂದೂವರೆ ಪುಟ. ಸಂಪುಟದ ಮುಂದೆ ಹೋಗುವ ಮೊದಲೇ ಅದು ಪೇಪರಿನಲ್ಲಿ ಬಂದಿದ್ದರೆ ಆ ಅಧಿಕಾರಿ ಮುಂದಿನ ಸಲ ಅಷ್ಟು ನೇರವಾಗಿ ಬರೆಯುತ್ತಿರಲಿಲ್ಲ. ಗುಟ್ಟು ಬೇಕಿದ್ದದ್ದು ಆಗ. ನಾನು ಕಾವಲು ಕೂತಿದ್ದು ಎಲ್ಲ ಮುಗಿದ ಎರಡು ವರ್ಷಕ್ಕೆ.

ಮೊನ್ನೆ ಹೊಸ ವಿಷಯ ನಿರ್ವಾಹಕ (ಕಡತ ನೋಡಿಕೊಳ್ಳುವ ನೌಕರ) ಇ-ಆಫೀಸಿನಲ್ಲಿ ಒಂದು ಕರಡು ಹಿಂಬರಹ ಮಂಡಿಸಿದ್ದ. ತೆರೆದು ನೋಡಿದರೆ ಅದೇ ವಾಕ್ಯ, 163(3) ಸಮೇತ.