ಹಿಂದೆ ಕೂತ ಅಂಬಾಸಿಡರ್, ಪದ್ಮಿನಿಗೆ ಪ್ಲೇಟ್ ಸೇರಿಸುವ ಮೊದಲು

ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರಿನ ಹಿಂಭಾಗ ಹೊರುವುದು ಉಕ್ಕಿನ ಪಟ್ಟಿಗಳನ್ನು (ಪ್ಲೇಟ್) ಒಂದರ ಮೇಲೊಂದು ಇಟ್ಟು ಕಟ್ಟಿದ ಲೀಫ್ ಸ್ಪ್ರಿಂಗ್. ಅದು ಇಳಿದು ಗಾಡಿ ಹಿಂದುಗಡೆ ಕೂತಿದೆ ಅಂದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: "ಇನ್ನೊಂದು ಪ್ಲೇಟ್ ಹಾಕಿಸಿ." ಗಾಡಿ ಅವತ್ತೇ ಎತ್ತರ ಆಗುತ್ತದೆ ನಿಜ. ಆದರೆ ಕೂತ ಸ್ಪ್ರಿಂಗ್ ಕಳೆದುಕೊಂಡಿರುವುದು ತನ್ನ ಬಾಗನ್ನು, ಅಂದರೆ ಬಿಲ್ಲಿನಂಥ ಆಕಾರವನ್ನು. ಅದರ ಗಡಸು (ಭಾರಕ್ಕೆ ಸುಲಭವಾಗಿ ಬಗ್ಗದ ಗುಣ) ಹೆಚ್ಚೂಕಡಿಮೆ ಮೊದಲಿನಷ್ಟೇ ಇರುತ್ತದೆ. ಪ್ಲೇಟ್ ಸೇರಿಸಿದರೆ ಬಾಗು ವಾಪಸ್ ಬರುವುದಿಲ್ಲ, ಗಡಸು ಮಾತ್ರ ಏರುತ್ತದೆ.

ಲೆಕ್ಕ ಸುಲಭ. ಒಂದೇ ದಪ್ಪದ 6 ಪ್ಲೇಟ್ ಇರುವ ಕಟ್ಟಿಗೆ ಅದೇ ದಪ್ಪದ, ಅಷ್ಟೇ ಕೆಲಸ ಮಾಡುವ ಇನ್ನೊಂದನ್ನು ಸೇರಿಸಿದರೆ ಗಡಸು ಸುಮಾರು 17% ಹೆಚ್ಚುತ್ತದೆ. ಗಾಡಿಯ ಭಾರಕ್ಕೆ ಮೊದಲು 12 ಸೆಂಟಿಮೀಟರ್ ಬಗ್ಗುತ್ತಿದ್ದರೆ ಈಗ ಹತ್ತಿರ ಹತ್ತಿರ 10.3. ಅಂದರೆ ಇಷ್ಟೆಲ್ಲ ಮಾಡಿ ಸಿಕ್ಕಿದ ಎತ್ತರ ಸುಮಾರು 1.7 ಸೆಂಟಿಮೀಟರ್ ಅಷ್ಟೇ. ದಪ್ಪದ ವಿಷಯ ಇನ್ನೂ ಜೋರು. ಗಡಸು ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, 6 ಮಿ.ಮೀ. ಪ್ಲೇಟ್‌ಗಳ ನಡುವೆ 7 ಮಿ.ಮೀ. ಪ್ಲೇಟ್ ಒಂದನ್ನು ಹಾಕಿದರೆ ಏರಿಕೆ 17 ಅಲ್ಲ, 26%. ಹಾಗಾಗಿ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಪ್ಲೇಟ್ ತರುವ ಮುನ್ನ ವರ್ನಿಯರ್ ಹಿಡಿದು ದಪ್ಪ ನೋಡಲೇಬೇಕು.

ಗಡಸು ಹೆಚ್ಚಾದ ಗಾಡಿ ಡಿಕ್ಕಿ ತುಂಬ ಅಡಿಕೆ ಮೂಟೆ ಇದ್ದಾಗ ಚೆನ್ನಾಗಿಯೇ ಓಡುತ್ತದೆ. ಖಾಲಿ ಓಡುವಾಗ ಗುಂಡಿಗೆ ಬಿದ್ದು ಹಿಂದಿನ ಚಕ್ರ ಕುಪ್ಪಳಿಸುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ತಿರುವಿನಲ್ಲಿ ಹೀಗೆ ಟೈರ್ ರಸ್ತೆ ಬಿಟ್ಟರೆ ಹಿಂದಿನ ಭಾಗ ಪಕ್ಕಕ್ಕೆ ಜಾರುತ್ತದೆ. ಹೊಡೆತವೆಲ್ಲ ಸ್ಪ್ರಿಂಗನ್ನು ಹಿಡಿದಿಡುವ ಬಾಡಿಯ ಹ್ಯಾಂಗರ್‌ಗೂ ಬೀಳುತ್ತದೆ. ಮಲೆನಾಡಿನ ಹಳೇ ಗಾಡಿಯಲ್ಲಿ ಮೊದಲು ತುಕ್ಕು ತಿನ್ನುವ ಜಾಗಗಳಲ್ಲಿ ಹ್ಯಾಂಗರ್ ಒಂದು.

ಬಿಚ್ಚುವ ಮೊದಲು ಅಳತೆ. ಸಮತಟ್ಟಾದ ಸಿಮೆಂಟ್ ನೆಲ, ಎರಡೂ ಟೈರ್‌ಗೆ ಒಂದೇ ಗಾಳಿ, ಸ್ಟೆಪ್ನಿ ತನ್ನ ಜಾಗದಲ್ಲಿ, ಡಿಕ್ಕಿ ಖಾಲಿ. ಹಿಂದಿನ ಬಂಪರ್ ಮೇಲೆ ಮೂರ್ನಾಲ್ಕು ಸಲ ಒತ್ತಿ ಬಿಡಿ, ಗಾಡಿ ತಾನಾಗಿ ನಿಲ್ಲಲಿ. ಆಮೇಲೆ ಚಕ್ರದ ಹಬ್‌ನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಸವೆತವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಡ್ರೈವರ್ ಒಬ್ಬರೇ ಓಡಾಡುವ ಗಾಡಿಯಲ್ಲಿ ಬಲಗಡೆ ಸ್ವಲ್ಪ ಕೆಳಗಿರುವುದು ಸಾಮಾನ್ಯ, 10 ಮಿ.ಮೀ. ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದು, ಅದೂ ದಿಢೀರ್ ಅಂತ ಆಗಿದ್ದರೆ, ಪ್ಲೇಟ್ ಮುರಿದಿದೆ ಅಂತಲೇ ಹಿಡಿದು ಹುಡುಕಿ. ಮುರಿತ ಹೆಚ್ಚಾಗಿ ಪ್ಲೇಟ್‌ಗಳನ್ನು ನಡುವೆ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟ್ ತೂತಿನ ಹತ್ತಿರ ಇರುತ್ತದೆ, ಕಟ್ಟನ್ನು ಹೌಸಿಂಗ್‌ಗೆ (ಹಿಂದಿನ ಆಕ್ಸಲ್‌ನ ಕವಚ) ಬಿಗಿಯುವ ಯು ಬೋಲ್ಟ್ ಕೆಳಗೆ ಅಡಗಿರುವುದರಿಂದ ಹೊರಗಿನಿಂದ ಕಾಣದು.

ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಗಾಡಿ ಏಳುವುದಿಲ್ಲ. ಅದರ ಕೆಲಸ ಕುಲುಕಾಟ ತಡೆಯುವುದು, ಭಾರ ಹೊರುವುದಲ್ಲ. ಉದ್ದದ ಶಾಕಲ್ (ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ) ಹಾಕುವ ಉಪಾಯವೂ ಬೇಡ. ಶಾಕಲ್ 40 ಮಿ.ಮೀ. ಉದ್ದ ಮಾಡಿದರೆ ಚಕ್ರದ ಹತ್ತಿರ ಸಿಗುವುದು ಸುಮಾರು 20 ಮಾತ್ರ. ಜೊತೆಗೆ ಹೌಸಿಂಗ್‌ನ ಮೂತಿ ತಿರುಗಿ, ಇಂಜಿನ್ ಕಡೆಯ ತಿರುಗಾಟವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ, ಗಾಡಿ ಅಡ್ಡಡ್ಡ ಓಲಾಡುತ್ತದೆ.

ಬಿಚ್ಚುವ ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟ್ಯಾಂಡ್‌ಗಳನ್ನು ಬಾಡಿಯ ಕೆಳಗೆ ಕೊಡಿ, ಹೌಸಿಂಗ್ ಕೆಳಗೆ ಬೇರೆ ಜಾಕ್ ಇರಲಿ. ಹೌಸಿಂಗ್ ಬ್ರೇಕ್ ಹೋಸ್ ಮೇಲೆ ಜೋತುಬೀಳಬಾರದು. ಸ್ಪ್ರಿಂಗ್ ತುದಿಯ ಉಂಗುರಕ್ಕೆ ಕಣ್ಣು ಅನ್ನುತ್ತಾರೆ. ಮುಂದಿನ ಕಣ್ಣಿನ ಬೋಲ್ಟ್ ಅದರೊಳಗಿನ ರಬ್ಬರ್ ಬುಶ್‌ನ ಕಬ್ಬಿಣದ ಕೊಳವೆಗೆ ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ, ಹ್ಯಾಂಗರ್ ಸೊಟ್ಟಗಾಗುತ್ತದೆ ಇಲ್ಲವೇ ತುಕ್ಕು ತಿಂದ ಕಡೆ ಹರಿಯುತ್ತದೆ. ಆಕ್ಸಾ ಬ್ಲೇಡಿನಿಂದ ಎರಡೂ ಬದಿ ಕೊಯ್ದು ತೆಗೆಯಿರಿ. ಎಡ, ಬಲ, ಮುಂದು, ಹಿಂದು ಎಲ್ಲಕ್ಕೂ ಪೇಂಟ್‌ನಲ್ಲಿ ಗುರುತು ಹಾಕಿ. ಸೆಂಟರ್ ಬೋಲ್ಟ್ ಬಿಚ್ಚುವಾಗ ಕಟ್ಟನ್ನು ವೈಸ್‌ನಲ್ಲೋ ಕ್ಲ್ಯಾಂಪ್‌ನಲ್ಲೋ ಬಿಗಿಹಿಡಿದಿರಬೇಕು. ಸುಮ್ಮನೆ ನಟ್ ಬಿಚ್ಚಿದರೆ ಪ್ಲೇಟ್‌ಗಳು ಸಿಡಿದು ಕೈ ಮುರಿಯುತ್ತವೆ.

ಬಿಡಿಸಿದ ಪ್ಲೇಟ್‌ಗಳ ನಡುವೆ ಕೆಂಪು ಮಣ್ಣು, ತುಕ್ಕಿನ ಹಕ್ಕಳೆ ತುಂಬಿರುತ್ತದೆ. ವೈರ್ ಬ್ರಷ್ ಹಾಕಿ ತಿಕ್ಕಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಗಿಡ್ಡ ಪ್ಲೇಟ್‌ನ ತುದಿ ಅದರ ಮೇಲಿನದನ್ನು ಉಜ್ಜಿ ಗೀರು ಮಾಡಿರುತ್ತದೆ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಆ ಪ್ಲೇಟ್ ಗುಜರಿಗೆ. ಬಿರುಕು ಹುಟ್ಟುವುದೇ ಅಲ್ಲಿ. ವೆಲ್ಡಿಂಗ್ ಮಾತೇ ಬೇಡ.

ಇನ್ನು ಬಾಗು ಕೊಡಿಸುವುದು. ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ, ಪದ್ಮಿನಿ ಅದಕ್ಕೂ ಮುಂಚೆಯೇ ಹೋಯಿತು, ಹಾಗಾಗಿ ಇರುವ ಕಟ್ಟನ್ನೇ ಸರಿಮಾಡಿಸುವುದು ಒಳ್ಳೆಯ ದಾರಿ. ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿ ಕೊಡುವವರಿದ್ದಾರೆ, ಆ ಬಾಗು ಕೆಲವು ತಿಂಗಳಲ್ಲಿ ಮತ್ತೆ ಇಳಿಯುತ್ತದೆ. ಗ್ಯಾಸ್ ಕಟ್ಟರ್‌ನಲ್ಲಿ ಒಂದೇ ಜಾಗ ಕಾಯಿಸಿ ಬಗ್ಗಿಸುವುದು ಅದಕ್ಕಿಂತ ಕೆಟ್ಟದ್ದು. ಕಾದ ಜಾಗ ಮೆತ್ತಗಾಗಿ ಅಲ್ಲೇ ಬಗ್ಗುತ್ತದೆ, ಇಲ್ಲವೇ ಅದರ ಅಂಚಿನಲ್ಲಿ ಮುರಿಯುತ್ತದೆ. ಸರಿಯಾದ ಕೆಲಸ ಅಂದರೆ ಇಡೀ ಪ್ಲೇಟನ್ನು ಒಲೆಯಲ್ಲಿ ಸುಮಾರು 850ರಿಂದ 900 ಡಿಗ್ರಿಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಸುಮಾರು 450ರಿಂದ 500 ಡಿಗ್ರಿಗೆ ಕಾಯಿಸಿ ಹದ ಮಾಡುವುದು. ಕೊನೆಯ ಹದ ಬಿಟ್ಟರೆ ಪ್ಲೇಟ್ ಗಾಜಿನ ಹಾಗೆ ಒಡೆಯುತ್ತದೆ. ಸ್ಪ್ರಿಂಗ್ ಅಂಗಡಿಗೆ ಕೊಡುವಾಗ "ಎರಡನೇ ಸಲ ಕಾಯಿಸ್ತೀರಾ?" ಅಂತ ನೇರವಾಗಿ ಕೇಳಿ. ಗೊತ್ತಿರುವವರು ಬೇಜಾರು ಮಾಡಿಕೊಳ್ಳದೆ ಒಲೆ ತೋರಿಸುತ್ತಾರೆ.

ಎಷ್ಟು ಬಾಗು ಅನ್ನುವುದನ್ನು ನೀವೇ ಹೇಳಬೇಕು. ಬಾಗು ಎಷ್ಟು ಏರಿಸಿದಿರೋ ಗಾಡಿ ಹೆಚ್ಚೂಕಡಿಮೆ ಅಷ್ಟೇ ಏಳುತ್ತದೆ. 30 ಮಿ.ಮೀ. ಬೇಕಾದರೆ 40 ಕೇಳಿ, ಹೊಸದರಲ್ಲಿ ಒಂದಷ್ಟು ಕೂರುತ್ತದೆ. ಪ್ರತಿ ಗಿಡ್ಡ ಪ್ಲೇಟ್‌ಗೂ ಅದರ ಮೇಲಿನದಕ್ಕಿಂತ ಸ್ವಲ್ಪ ಹೆಚ್ಚು ಬಾಗಿರಬೇಕು, ಆಗ ಮಾತ್ರ ಸೆಂಟರ್ ಬೋಲ್ಟ್ ಬಿಗಿದಾಗ ತುದಿಗಳು ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ. ಎಡ, ಬಲ ಎರಡೂ ಒಟ್ಟಿಗೇ ಆಗಬೇಕು, ಎರಡರ ಬಾಗಿನ ಅಂತರ 5 ಮಿ.ಮೀ. ದಾಟಬಾರದು. ತರುವ ಮುನ್ನ ಪ್ರೆಸ್‌ನಲ್ಲಿ ನಾಲ್ಕೈದು ಸಲ ಚಪ್ಪಟೆ ಆಗುವವರೆಗೆ ಒತ್ತಿಸಿ ನೋಡಿ. ಮೊದಲ ಸಲ ಕೆಲವು ಮಿ.ಮೀ. ಇಳಿಯುವುದು ಸಹಜ. ಪ್ರತಿ ಸಲವೂ ಇಳಿಯುತ್ತಲೇ ಹೋದರೆ ಹದ ಆಗಿಲ್ಲ, ವಾಪಸ್ ಕೊಡಿ.

ಜೋಡಿಸುವಾಗ ಪ್ಲೇಟ್‌ಗಳ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ, ಹೊರಗಡೆ ಜಿಂಕ್ ಪ್ರೈಮರ್. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಗೆ ಹಳೇ ಇಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮಲ್ಲಿದೆ. ಅದು ಬುಶ್‌ಗೆ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬುಶ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಎಲ್ಲ ಹೊಸದೇ ಇರಲಿ. ಹಳೇ ಯು ಬೋಲ್ಟ್‌ನ ಮರೆ (ಥ್ರೆಡ್) ಎಳೆದಿರುತ್ತದೆ, ಬಿಗಿ ನಿಲ್ಲುವುದಿಲ್ಲ. ಯು ಬೋಲ್ಟ್ ಸಡಿಲವಾದರೆ ಹೊಡೆತವೆಲ್ಲ ಸೆಂಟರ್ ಬೋಲ್ಟ್‌ಗೆ ಬಿದ್ದು ಅದು ತುಂಡಾಗುತ್ತದೆ, ಹೌಸಿಂಗ್ ಒಂದು ಕಡೆ ಹಿಂದೆ ಸರಿಯುತ್ತದೆ. ಸೆಂಟರ್ ಬೋಲ್ಟ್ ತಲೆ ತನ್ನ ತೂತಿನಲ್ಲಿ ಪೂರ್ತಿ ಕೂತಿದೆಯೇ ಅಂತ ಬೆರಳು ಹಾಕಿ ನೋಡಿ, ಆಮೇಲೆ ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕಣ್ಣಿನ ಬೋಲ್ಟ್ ಮತ್ತು ಶಾಕಲ್ ನಟ್‌ಗಳನ್ನು ಮಾತ್ರ ಗಾಡಿ ಜಾಕ್ ಮೇಲಿದ್ದಾಗ ಪೂರ್ತಿ ಬಿಗಿಯಬೇಡಿ. ಚಕ್ರ ಹಾಕಿ, ನೆಲಕ್ಕಿಳಿಸಿ, ಕುಲುಕಿಸಿ, ಭಾರ ಕೂತ ಮೇಲೆ ಕೊನೆಯ ಪಾನಾ. ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳು ಹೇಳುತ್ತದೆ.

150 ಕಿಲೋಮೀಟರ್ ಓಡಿಸಿ ಯು ಬೋಲ್ಟ್ ಮತ್ತೆ ಬಿಗಿಯಿರಿ, 1000ಕ್ಕೆ ಇನ್ನೊಮ್ಮೆ. ಹಿಂದೆ ಎದ್ದ ಗಾಡಿಯ ಹೆಡ್‌ಲೈಟ್ ಬೆಳಕು ಮೂತಿಯ ಮುಂದೆಯೇ ಬೀಳುತ್ತದೆ, ಅದನ್ನೂ ಅವತ್ತೇ ಗೋಡೆಗೆ ಬೆಳಕು ಬಿಟ್ಟು ನೋಡಿ ಸರಿಮಾಡಿ ಕೊಡಿ.