ಉಚಿತ ಪ್ರವೇಶ ಅಂದರೆ ಯಾರು ಬರ್ತಾರೆ?

‘ಮೇಡಂ, ಇದು ಚೈನ್ ಮಾರ್ಕೆಟಿಂಗ್ ಅಲ್ಲ ತಾನೇ?’

ನಮ್ಮ ಭಾಷಣ ಕ್ಲಬ್ಬಿನ ಪ್ರಚಾರದ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಜನ ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಕೇಳುವವರನ್ನು ಬೈಯುವ ಹಾಗೂ ಇಲ್ಲ. ಭಾನುವಾರ ಬೆಳಿಗ್ಗೆ, ಒಂದು ಹಾಲ್, ಉಚಿತ ಪ್ರವೇಶ, ‘ನಿಮ್ಮ ಬದುಕು ಬದಲಿಸಿಕೊಳ್ಳಿ’ ಅನ್ನೋ ಸಾಲು, ಕೆಳಗೆ ಒಂದು ಮೊಬೈಲ್ ನಂಬರ್. ಇಂಥ ಕರೆ ನಂಬಿ ಹೋಗಿ ಪ್ರೋಟೀನ್ ಪುಡಿಯ ಡಬ್ಬ ಹಿಡಿದುಕೊಂಡು ಮನೆಗೆ ಬಂದವರು ದಾವಣಗೆರೆಯ ಯಾವ ಬೀದಿಯಲ್ಲಿ ಕೇಳಿದರೂ ಸಿಗುತ್ತಾರೆ. ನಮ್ಮ ಮಾವನೇ ಒಬ್ಬರು. ಆ ಡಬ್ಬಗಳು ಇನ್ನೂ ಅಟ್ಟದ ಮೇಲಿವೆ.

ಕ್ಲಬ್ ಅಂದರೆ ದೊಡ್ಡದೇನಲ್ಲ. ವಾರಕ್ಕೊಮ್ಮೆ ಸೇರುತ್ತೇವೆ, ಕನ್ನಡದಲ್ಲಿ ಮಾತಾಡುತ್ತೇವೆ, ಒಬ್ಬರ ಮಾತನ್ನು ಇನ್ನೊಬ್ಬರು ಒರೆಗೆ ಹಚ್ಚುತ್ತೇವೆ. ಕ್ರಮ ಮಾತ್ರ ಟೋಸ್ಟ್‌ಮಾಸ್ಟರ್ಸ್‌ನವರಿಂದ ಕಲಿತದ್ದು. 1924ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಾಂತಾ ಅನಾ ಎಂಬ ಊರಿನ ವೈ.ಎಂ.ಸಿ.ಎ. ಕಟ್ಟಡದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ ಸಂಸ್ಥೆ ಅದು. ತಯಾರಿ ಮಾಡಿಕೊಂಡು ಬಂದ ಭಾಷಣಕ್ಕೆ ಐದರಿಂದ ಏಳು ನಿಮಿಷ, ಅಲ್ಲೇ ವಿಷಯ ಕೊಟ್ಟರೆ ಒಂದರಿಂದ ಎರಡು ನಿಮಿಷ. ಹೊತ್ತು ನೋಡಿ ಹಸಿರು, ಹಳದಿ, ಕೆಂಪು ಕಾರ್ಡ್ ಎತ್ತಲು ಒಬ್ಬರು. ‘ಆಂ’, ‘ಊಂ’ ಎಣಿಸಲು ಇನ್ನೊಬ್ಬರು. ಪ್ರಚಾರಕ್ಕೇ ಅಂತ ಒಬ್ಬ ಉಪಾಧ್ಯಕ್ಷರನ್ನು ಇಡುವ ಪದ್ಧತಿಯೂ ಅವರದ್ದೇ. ಆ ಕುರ್ಚಿ ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ. ಬ್ಯಾಂಕಿನಲ್ಲಿ ಕೌಂಟರ್‌ನಲ್ಲಿ ಕೂರುವವಳು ನಾನು, ದಿನಾ ಜನರ ಜೊತೆ ಮಾತಾಡ್ತೀಯಲ್ಲ ಅಂತ ನನಗೇ ಕೊಟ್ಟರು.

ಹೊಸಬರಿಗಾಗಿ ಒಂದು ಭಾನುವಾರದ ಸಭೆ ಇಟ್ಟುಕೊಂಡೆವು. ಹಳೇ ಪೋಸ್ಟರ್‌ನಲ್ಲಿ ಕೋಟು ಹಾಕಿದ ಒಬ್ಬ ವಿದೇಶಿ, ಮೈಕ್ ಮುಂದೆ ಮುಷ್ಟಿ ಎತ್ತಿ ನಿಂತಿದ್ದ. ಪಕ್ಕದಲ್ಲಿ ‘ನಾಯಕತ್ವ, ಆತ್ಮವಿಶ್ವಾಸ, ಯಶಸ್ಸು’. ಮೊದಲು ಅವನನ್ನು ತೆಗೆಸಿದೆ. ಸದಸ್ಯರೊಬ್ಬರು ಟೋಸ್ಟ್‌ಮಾಸ್ಟರ್ಸ್ ಲೋಗೋ ಹಾಕೋಣ, ತೂಕ ಬರುತ್ತೆ ಅಂದರು. ನಾವು ಅವರ ಶಾಖೆಯಲ್ಲ, ಆ ಲೋಗೋ ಅವರ ಸ್ವತ್ತು. ಬೇಡ ಅಂದೆ. ಇನ್ನೊಬ್ಬರು ಜಯದೇವ ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ನಿಲ್ಲಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ ಅಂದರು. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಹುಟ್ಟುಹಬ್ಬದ ಶುಭಾಶಯಗಳಿಗೆ ಆ ನಿಷೇಧ ಅನ್ವಯಿಸಿದಂತೆ ಕಾಣುವುದಿಲ್ಲ, ಅದು ಬೇರೆ ಮಾತು. ನಮ್ಮ ಹಿರಿಯ ಸದಸ್ಯರೊಬ್ಬರ ಸಲಹೆ ಇನ್ನೂ ಚೆನ್ನಾಗಿತ್ತು. ‘ಚಿಂದೋಡಿ ಲೀಲಾ ಅವರ ಡ್ರಾಮಾ ಕಂಪನಿ ಊರಲ್ಲಿ ಇದ್ದಾಗ ಮೈಕ್ ಕಟ್ಕೊಂಡು ಓಣಿ ಓಣಿ ಕೂಗೋರಮ್ಮ. ಆಟೋ ಬಿಡಣ. ಮಾತಿನ ಕ್ಲಬ್ಬು ಮಾತಲ್ಲೇ ಕರೀಬೇಕಪ್ಪ.’ ಆಸೆಯೇನೋ ಆಯಿತು. ಆಟೋ ಬಾಡಿಗೆ ಕೇಳಿದ ಮೇಲೆ ಖಜಾಂಚಿ ಮಾತೇ ಆಡಲಿಲ್ಲ.

ಕೊನೆಗೆ ಉಳಿದದ್ದು ಅಂಗೈ ಅಗಲದ ಚೀಟಿ, ವಾಟ್ಸಾಪ್, ಮತ್ತೆ ಪೇಪರ್. ಚೀಟಿಯನ್ನು ಬಿ.ಡಿ.ಟಿ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ, ವಿದ್ಯಾನಗರದ ಬೆಣ್ಣೆ ದೋಸೆ ಹೋಟೆಲಿನ ಗಲ್ಲಾದ ಪಕ್ಕ, ನನ್ನ ಟೈಲರ್ ಅಂಗಡಿಯಲ್ಲಿ ಇಟ್ಟುಬಂದೆ. ದೋಸೆ ಹೋಟೆಲಿನಲ್ಲಿಟ್ಟವು ಬೇಗ ಖಾಲಿಯಾದವು. ಜನ ಕೈಯಲ್ಲಿದ್ದ ಬೆಣ್ಣೆ ಒರೆಸಿಕೊಂಡರೋ ಓದಿದರೋ, ದೇವರಿಗೇ ಗೊತ್ತು.

ಸ್ಥಳೀಯ ಪೇಪರಿನ ಆಫೀಸಿಗೆ ನಾನೇ ಹೋದೆ. ಡೆಸ್ಕಿನಲ್ಲಿದ್ದವರು ನನ್ನ ಹಾಳೆ ಓದಿ ತಲೆ ಎತ್ತಿದರು.

‘ಮುಖ್ಯ ಅತಿಥಿ ಯಾರು ಮೇಡಂ?’

‘ಯಾರೂ ಇಲ್ಲ ಸಾರ್.’

‘ಉದ್ಘಾಟನೆ?’

‘ಇಲ್ಲ.’

‘ಅಧ್ಯಕ್ಷತೆ?’

‘ಒಂದೊಂದು ವಾರ ಒಬ್ಬೊಬ್ಬರು ಸಭೆ ನಡೆಸ್ತಾರೆ ಸಾರ್.’

ಪೆನ್ನು ಕೆಳಗಿಟ್ಟರು. ‘ಮತ್ತೆ ಸುದ್ದಿ ಏನು ಇದರಲ್ಲಿ?’

ಅವರ ಪ್ರಶ್ನೆಯೂ ಸರಿಯೇ. ನಮ್ಮ ಕಡೆ ಕಾರ್ಯಕ್ರಮ ಅಂದರೆ ದೀಪ ಹಚ್ಚಬೇಕು, ಶಾಲು ಹೊದಿಸಬೇಕು, ವೇದಿಕೆ ಮೇಲಿನವರು ಮಾತಾಡಬೇಕು, ಕೆಳಗಿನವರು ಉಪ್ಪಿಟ್ಟಿಗೆ ಕಾಯಬೇಕು. ಕೆಳಗೆ ಕೂತವರೇ ಎದ್ದು ಮಾತಾಡುವುದೇ ಸುದ್ದಿ ಸಾರ್ ಅಂದೆ. ನಕ್ಕರು. ‘ನಗರದಲ್ಲಿ ಇಂದು’ ಅಂಕಣದಲ್ಲಿ ಮೂರು ಸಾಲು ಹಾಕ್ತೀನಿ, ಜಾಸ್ತಿ ಆಸೆ ಇಟ್ಕೋಬೇಡಿ ಅಂದರು.

ಫೋನುಗಳು ಶನಿವಾರವೇ ಶುರುವಾದವು. ಇಂಗ್ಲಿಷ್ ಬರಬೇಕಾ? ಸರ್ಟಿಫಿಕೇಟ್ ಕೊಡ್ತೀರಾ? ನನ್ನ ಮಗನಿಗೆ ಒಂಬತ್ತನೇ ಕ್ಲಾಸು, ಸೇರಿಸ್ಕೊಳ್ತೀರಾ? ಇನ್ಶೂರೆನ್ಸ್ ಏನಾದ್ರೂ ಮಾಡಿಸಬೇಕಾ? ಇಲ್ಲ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿತ್ತು. ಸಂಜೆ ಹೊತ್ತಿಗೆ ಒಬ್ಬರು ಫೋನ್ ಮಾಡಿದರು. ಮೆಲ್ಲಗಿನ ದನಿ, ಹಿಂದೆ ಟ್ರ್ಯಾಕ್ಟರ್ ಸದ್ದು.

‘ಮಗಳ ಮದುವಿ ಐತ್ರಿ ಮೇಡಂ. ಬೀಗರು ಓದಿದೋರು. ಛತ್ರದಾಗ ನಾಲ್ಕು ಮಾತು ಆಡ್ಬೇಕು ಅಂತ ಮನೇಲಿ ಹಠ ಮಾಡ್ತಾರೆ. ನಾ ಸುಮ್ನೆ ಬಂದು ಹಿಂದಿನ ಸಾಲಿನಾಗ ಕುಂತು ಹೋಗಬಹುದಾ?’

‘ಧಾರಾಳವಾಗಿ ಬನ್ನಿ.’

‘ಎಬ್ಬಿಸಲ್ವಲ್ಲ?’

ಈ ಮಾತು ತಲೆಯಲ್ಲೇ ಉಳಿಯಿತು. ಚೈನ್ ಮಾರ್ಕೆಟಿಂಗ್ ಅನುಮಾನ ಎಲ್ಲರೂ ಬಾಯಿಬಿಟ್ಟು ಕೇಳುತ್ತಿದ್ದರು. ಇದನ್ನು ಯಾರೂ ಕೇಳಿರಲಿಲ್ಲ, ಆದರೆ ಫೋನ್ ಮಾಡಿದವರಲ್ಲಿ ಅರ್ಧದಷ್ಟು ಜನರ ಹೊಟ್ಟೆಯೊಳಗೆ ಇದ್ದದ್ದು ಇದೇ ಇರಬೇಕು. ಶಾಲೆಯಲ್ಲಿ ಮೇಷ್ಟ್ರು ಬೆರಳು ತೋರಿಸಿ ‘ಏಯ್, ಏಳೋ’ ಅಂದಾಗ ಆಗುತ್ತಿತ್ತಲ್ಲ, ಆ ಹೆದರಿಕೆ. ಮಾತು ಕಲಿಸುತ್ತೇವೆ ಅಂತ ನಾವು ಡಂಗುರ ಹೊಡೆದಷ್ಟೂ ಇಂಥವರು ಹಿಂದೆ ಸರಿಯುತ್ತಾರೆ. ಆ ರಾತ್ರಿಯೇ ಹೊಸ ಮೆಸೇಜು ಬರೆದೆ: ‘ಮೊದಲ ದಿನ ಯಾರನ್ನೂ ಎಬ್ಬಿಸುವುದಿಲ್ಲ. ಬಂದು ಕೂತು ಕೇಳಿ. ಬೇಕಿದ್ದರೆ ಮಾತ್ರ ಮಾತಾಡಿ. ಏನೂ ಮಾರುವುದಿಲ್ಲ.’ ಕಾರ್ಯದರ್ಶಿಗೆ ಇಷ್ಟವಾಗಲಿಲ್ಲ. ಭಾಷಣ ಕ್ಲಬ್ಬಿಗೆ ಕರೆದು ಮಾತಾಡಬೇಡಿ ಅಂದರೆ ಹೇಗೆ ಅಂತ ಅವರ ತಕರಾರು. ಅಷ್ಟರಲ್ಲಿ ಮೆಸೇಜು ಗುಂಪಿನಿಂದ ಗುಂಪಿಗೆ ಹೋಗಿ, ನಮ್ಮ ಅತ್ತಿಗೆಯ ಅಪಾರ್ಟ್‌ಮೆಂಟ್ ಗ್ರೂಪಿನಿಂದ ನನಗೇ ವಾಪಸ್ ಬಂತು.

ಭಾನುವಾರ ಹತ್ತೂವರೆಗೆ ಹಾಕಿದ್ದ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಬೆಂಚು ತಂದೆವು. ಬೆಂಚು ಹೊತ್ತು ತಂದವರೂ ಹೊಸಬರೇ. ಎಲ್ಲರೂ ಹಿಂದಿನ ಸಾಲಿನಲ್ಲೇ ಕೂರಬೇಕು ಅನ್ನೋರು, ಹಾಗಾಗಿ ಮುಂದಿನ ಎರಡು ಸಾಲು ಖಾಲಿ. ಮಗಳ ಮದುವೆಯವರು ಗೋಡೆಗೆ ಅಂಟಿ ಕೂತಿದ್ದರು, ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಮಡಚಿದ ಒಂದು ಹಾಳೆ.

ಅಲ್ಲೇ ವಿಷಯ ಕೊಟ್ಟು ಮಾತಾಡಿಸುವ ಸರದಿ ಬಂತು. ಮೊದಲು ನಮ್ಮ ಸದಸ್ಯರು ಮಾತಾಡಿದರು. ಆಮೇಲೆ ಯಾರಾದ್ರೂ ಹೊಸಬರು ಬರ್ತೀರಾ ಅಂತ ಕೇಳಿ ಸುಮ್ಮನಾದೆವು. ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಎದ್ದ. ಸಿಕ್ಕ ವಿಷಯ ‘ಮಿರ್ಚಿ ಇಲ್ಲದ ಮಂಡಕ್ಕಿ’. ದಿನವಿಡೀ ಸೀರೆ ಬಿಚ್ಚಿ ಬಿಚ್ಚಿ ಮಾತಾಡುವವನು, ಇಲ್ಲಿ ‘ಮಿರ್ಚಿ ಇಲ್ಲಾಂದ್ರೆ...’ ಅಂತ ನಿಂತುಬಿಟ್ಟ. ಕೈಗಳು ಗಾಳಿಯಲ್ಲೇ ಸೀರೆಯ ಮಡಿಕೆ ಬಿಡಿಸುತ್ತಿದ್ದವು. ಯಾರೂ ನಗಲಿಲ್ಲ. ಆಮೇಲೆ ಅವನೇ, ‘ಮಿರ್ಚಿ ಇಲ್ಲಾಂದ್ರೆ ನಮ್ಮ ಓನರ್ ಸಂಜೆ ಟೀಗೇ ಬಿಡಲ್ಲ ಸಾರ್, ಮಿರ್ಚಿ ನೆಪದಾಗೇ ನಮಗೆ ಬಿಡುವು’ ಅಂದ. ಆಗ ಹಾಲಿಗೆ ಹಾಲೇ ನಕ್ಕಿತು. ಒಂದು ನಿಮಿಷದ ಹಸಿರು ಕಾರ್ಡ್ ಏಳುತ್ತಿದ್ದಂತೆ ‘ಇಷ್ಟೇ ಸಾರ್’ ಅಂತ ಓಡಿಹೋಗಿ ಕೂತ. ಹಳದಿ, ಕೆಂಪು ಕಾರ್ಡಿಗೆ ಕೆಲಸವೇ ಇರಲಿಲ್ಲ.

ಫೋಟೋ ತೆಗೆಯುವುದೂ ನನ್ನ ಕೆಲಸವೇ. ನಗುತ್ತಿದ್ದ ಆ ಹೊತ್ತಿನಲ್ಲಿ ನಾನು ತೆಗೆದ ಒಂದು ಫೋಟೋ ಇದೆ. ಗೋಡೆ ಪಕ್ಕದ ಬಿಳಿ ಅಂಗಿಯವರು ಕಣ್ಣು ಮುಚ್ಚಿ, ಬಾಯಿ ತುಂಬ ನಗುತ್ತಿದ್ದಾರೆ. ಪೋಸ್ಟರ್‌ಗೆ ಇದಕ್ಕಿಂತ ಒಳ್ಳೆಯದು ಬೇಕೇ? ಆದರೆ ಸಭೆ ಮುಗಿದ ಕೂಡಲೇ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಂದು, ‘ಅಕ್ಕಾ, ನನ್ ಫೋಟೋ ಎಲ್ಲೂ ಹಾಕಬೇಡಿ, ಮನೇಲಿ ಕ್ಲಾಸ್ ಐತೆ ಅಂತ ಹೇಳಿ ಬಂದೀನಿ’ ಅಂದಳು. ಹೊಸಬರ ಫೋಟೋ ಕೇಳದೆ ಹಾಕಬಾರದು ಅಂತ ಅಲ್ಲೇ ತೀರ್ಮಾನ ಆಯಿತು. ಬಿಳಿ ಅಂಗಿಯವರನ್ನು ಕೇಳಿದೆ. ತಮ್ಮ ಫೋಟೋ ತುಂಬಾ ಹೊತ್ತು ನೋಡಿದರು. ‘ನನಗೊಬ್ಬನಿಗೆ ಕಳಿಸ್ರಿ. ಪೇಪರ್‌ಗೆ ಬ್ಯಾಡ, ಬೀಗರು ನೋಡಿಬಿಟ್ಟಾರು’ ಅಂದರು.

ಹೀಗಾಗಿ ಪೇಪರಿಗೆ ಹೋದದ್ದು ಸದಸ್ಯರು ಸಾಲಾಗಿ ನಿಂತ ಮಾಮೂಲಿ ಫೋಟೋ. ಅದರಲ್ಲಿ ಕಾರ್ಯದರ್ಶಿ ಚೆನ್ನಾಗಿ ಬಂದಿದ್ದಾರೆ, ಅವರಿಗೆ ಖುಷಿ. ಮುಂದಿನ ತಿಂಗಳ ಚೀಟಿ ಅಚ್ಚಿಗೆ ಕೊಟ್ಟಿದ್ದೇನೆ. ‘ಯಾರನ್ನೂ ಎಬ್ಬಿಸುವುದಿಲ್ಲ’ ಅನ್ನೋ ಸಾಲು ಕ್ಲಬ್ಬಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿದೆ. ಈ ಸಲ ಅವರು ತಕರಾರು ತೆಗೆಯಲಿಲ್ಲ.